ಬೀರುವಿನೊಳಗಿನ ಹಿಮ: ಮೂರು ನಾರ್ನಿಯಾಗಳಲ್ಲಿ ಮಕ್ಕಳಿಗೆ ಯಾವುದನ್ನು ತೋರಿಸೋಣ?

ಬೇಸಿಗೆ ರಜೆಗೆ ಅಕ್ಕನ ಮಕ್ಕಳು ನಮ್ಮ ಮನೆಗೆ ಬಂದಿದ್ದರು. ದೊಡ್ಡವಳಿಗೆ ಹನ್ನೊಂದು ವರ್ಷ, ಚಿಕ್ಕವನಿಗೆ ಆರು. ರಾತ್ರಿ ಊಟ ಮುಗಿದ ಮೇಲೆ ಇಬ್ಬರಿಗೂ ಸಿ. ಎಸ್. ಲೂಯಿಸ್ ಬರೆದ 'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್' ಓದಿ ಹೇಳುತ್ತಿದ್ದೆ. ಪುಸ್ತಕ ಇಂಗ್ಲಿಷಿನದು, ಹೇಳುವುದು ಕನ್ನಡದಲ್ಲಿ. ದಿನಕ್ಕೊಂದು ಅಧ್ಯಾಯ. ಒಟ್ಟು 17 ಅಧ್ಯಾಯ, ಹದಿನೇಳು ರಾತ್ರಿ. ಮುಗಿದ ಮರುದಿನ ಬೆಳಗ್ಗೆ ಚಿಕ್ಕವನು ಎದ್ದವನೇ ಅಡುಗೆಮನೆಗೆ ಬಂದು ಕೇಳಿದ: "ಚಿಕ್ಕಿ, ಇದರ ಸಿನಿಮಾ ಇದೆಯಾ?"

ಇದೆ. ಒಂದಲ್ಲ, ಮೂರು. 1979ರ ಕಾರ್ಟೂನ್, 1988ರ ಬಿಬಿಸಿ ಧಾರಾವಾಹಿ, 2005ರ ದೊಡ್ಡ ಸಿನಿಮಾ. ಇವಕ್ಕೂ ಮೊದಲು, 1967ರಲ್ಲಿ, ಬ್ರಿಟನ್ನಿನ ಟಿವಿಯಲ್ಲಿ ಒಂದು ಕಪ್ಪು-ಬಿಳುಪು ಧಾರಾವಾಹಿ ಬಂದಿತ್ತು. ಅದರ ಬಹುಪಾಲು ಕಂತುಗಳು ಈಗ ಉಳಿದಿಲ್ಲ, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಉಳಿದ ಮೂರನ್ನೂ ಆ ರಜೆಯಲ್ಲಿ ನಾವು ಒಂದಾದ ಮೇಲೊಂದು ನೋಡಿದೆವು. ಮೊದಲು ಸಿನಿಮಾ, ಆಮೇಲೆ ಕಾರ್ಟೂನ್, ಕೊನೆಗೆ ಧಾರಾವಾಹಿ. ನಿಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿದ್ದರೆ ಈ ಬರಹ ನಿಮಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಪುಸ್ತಕದ ಜೀವ ಇರುವುದು ಅದರ ಸದ್ದಿಲ್ಲದ ಜಾಗಗಳಲ್ಲಿ. ಬೀರುವಿನ ಕತ್ತಲಲ್ಲಿ, ಒಂದು ಚಹಾ ಮೇಜಿನಲ್ಲಿ, ಇಬ್ಬರು ಹುಡುಗಿಯರು ಸಿಂಹದ ಕೇಸರದಲ್ಲಿ ಕೈಯಿಟ್ಟು ನಡೆಯುವ ಒಂದು ರಾತ್ರಿಯಲ್ಲಿ. ತೆರೆಗೆ ತಂದವರು ಆ ಜಾಗಗಳನ್ನು ಏನು ಮಾಡಿದರು ಅನ್ನುವುದೇ ನನ್ನ ಅಳತೆಗೋಲು. ಗ್ರಾಫಿಕ್ಸ್ ಎಷ್ಟು ಜೋರು ಅನ್ನುವುದಲ್ಲ.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಸಾಲು

ಎರಡನೇ ಮಹಾಯುದ್ಧದ ಕಾಲ. ಲಂಡನ್ ಮೇಲೆ ಬಾಂಬು ಬೀಳುತ್ತಿದೆ. ಪೀಟರ್, ಸೂಸನ್, ಎಡ್ಮಂಡ್, ಲೂಸಿ ಎಂಬ ನಾಲ್ವರು ಒಡಹುಟ್ಟಿದವರನ್ನು ಹಳ್ಳಿಯಲ್ಲಿರುವ ಒಬ್ಬ ಮುದಿ ಪ್ರೊಫೆಸರ್ ಮನೆಗೆ ಕಳಿಸುತ್ತಾರೆ. ಆ ಮನೆಯ ಖಾಲಿ ಕೋಣೆಯೊಂದರಲ್ಲಿ ಬಟ್ಟೆ ಬೀರು. ಅದರೊಳಗಿಂದ ನಾರ್ನಿಯಾ ಎಂಬ ನಾಡಿಗೆ ದಾರಿ. ಅಲ್ಲಿ ಬಿಳಿ ಮಾಟಗಾತಿಯ ಆಳ್ವಿಕೆ: ಯಾವಾಗಲೂ ಚಳಿಗಾಲ, ಆದರೆ ಕ್ರಿಸ್ಮಸ್ ಮಾತ್ರ ಬರುವುದೇ ಇಲ್ಲ. ಎಡ್ಮಂಡ್ ಅವಳ ಬಲೆಗೆ ಬಿದ್ದು ತನ್ನವರಿಗೇ ದ್ರೋಹ ಮಾಡುತ್ತಾನೆ. ಅವನ ಜೀವಕ್ಕೆ ಬದಲಾಗಿ ಅಸ್ಲಾನ್ ಎಂಬ ಸಿಂಹ ತನ್ನ ಜೀವ ಕೊಡಲು ಒಪ್ಪುತ್ತಾನೆ.

ಪುಸ್ತಕ ಬಂದದ್ದು 1950ರಲ್ಲಿ. ಲೂಯಿಸ್ ಹುಟ್ಟಿದ್ದು ಬೆಲ್‌ಫಾಸ್ಟ್‌ನಲ್ಲಿ, ಪಾಠ ಹೇಳಿದ್ದು ಆಕ್ಸ್‌ಫರ್ಡ್‌ನಲ್ಲಿ. ಯುದ್ಧದ ಕಾಲದಲ್ಲಿ ಅವರ ಮನೆಗೂ ಹೀಗೇ ನಗರದಿಂದ ಮಕ್ಕಳು ಬಂದು ಇದ್ದರು. ಕಥೆಯ ಮೊದಲ ಚಿತ್ರ ಮಾತ್ರ ಅವರಿಗೆ ಹದಿನಾರನೇ ವಯಸ್ಸಿನಲ್ಲೇ ಹೊಳೆದಿತ್ತಂತೆ: ಹಿಮ ಬಿದ್ದ ಕಾಡಿನಲ್ಲಿ ಕೊಡೆ ಹಿಡಿದು, ಪೊಟ್ಟಣಗಳನ್ನು ಹೊತ್ತು ನಡೆಯುವ ಅರ್ಧ ಮನುಷ್ಯ, ಅರ್ಧ ಮೇಕೆ.

ಬರೆದವರಿಗೇ ಬೇಡವಾಗಿತ್ತು

1959ರಲ್ಲಿ ಬಿಬಿಸಿ ರೇಡಿಯೋದವರು ಈ ಕಥೆಯನ್ನು ನಾಟಕ ಮಾಡಿ ಪ್ರಸಾರ ಮಾಡಿದರು. ಆ ವರ್ಷದ ಡಿಸೆಂಬರಿನಲ್ಲಿ ಅದರ ನಿರ್ಮಾಪಕ ಲ್ಯಾನ್ಸ್ ಸೀವ್‌ಕಿಂಗ್ ಅವರಿಗೆ ಲೂಯಿಸ್ ಒಂದು ಪತ್ರ ಬರೆದರು. ರೇಡಿಯೋ ಆದರೆ ಸರಿ, ಆದರೆ ನಟರನ್ನು ಇಟ್ಟುಕೊಂಡು ಟಿವಿಗೆ ಮಾಡುವುದಕ್ಕೆ ತನ್ನ ಪೂರ್ತಿ ವಿರೋಧವಿದೆ ಅಂತ. ಮಾತಾಡುವ ಪ್ರಾಣಿಗಳು ಕಣ್ಣಿಗೆ ಕಂಡ ಕೂಡಲೇ ಒಂದೋ ಕೋಡಂಗಿಗಳಾಗುತ್ತವೆ, ಇಲ್ಲವೇ ಕೆಟ್ಟ ಕನಸಾಗುತ್ತವೆ ಅನ್ನುವುದು ಅವರ ಕಾರಣ. ಮನುಷ್ಯನೊಬ್ಬ ವೇಷ ಹಾಕಿಕೊಂಡು ಅಸ್ಲಾನ್ ಆಗುವುದಂತೂ ದೈವನಿಂದೆ ಎಂದೇ ಬರೆದರು. ಕಾರ್ಟೂನ್ ಆದರೆ ಬೇರೆ ಮಾತು ಅನ್ನುವ ಸಣ್ಣ ಬಾಗಿಲನ್ನು ತೆರೆದಿಟ್ಟಿದ್ದರು. ಆದರೆ ಡಿಸ್ನಿಯವರ ಪ್ರತಿಭೆಯ ಜೊತೆ ಅಷ್ಟೊಂದು ಒರಟುತನ ಸೇರದೇ ಇದ್ದಿದ್ದರೆ ಅನ್ನುವ ಷರತ್ತಿನ ಮೇಲೆ.

ಲೂಯಿಸ್ ತೀರಿಕೊಂಡದ್ದು 1963ರಲ್ಲಿ. ಮೊದಲ ಟಿವಿ ಧಾರಾವಾಹಿ ಬಂದದ್ದು ನಾಲ್ಕು ವರ್ಷದ ನಂತರ. 2005ರ ಸಿನಿಮಾ ಹೊರತಂದವರಲ್ಲಿ ಡಿಸ್ನಿ ಸಂಸ್ಥೆಯೇ ಇತ್ತು, ಲೂಯಿಸ್ ಅವರ ಮಲಮಗ ಡಗ್ಲಸ್ ಗ್ರೆಶಮ್ ಅದಕ್ಕೆ ಸಹನಿರ್ಮಾಪಕರಾಗಿದ್ದರು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಲೂಯಿಸ್ ಗುರುತಿಸಿದ ಆ ಕಷ್ಟ ಮೂರೂ ತಂಡಗಳ ಎದುರು ನಿಂತಿತ್ತು. ಸಿಂಹವನ್ನು ತೋರಿಸುವುದು ಹೇಗೆ? ಒಬ್ಬರು ಬಿಡಿಸಿದರು, ಒಬ್ಬರು ಗೊಂಬೆ ಮಾಡಿದರು, ಒಬ್ಬರು ಕಂಪ್ಯೂಟರಿನಲ್ಲಿ ಕಟ್ಟಿದರು.

ಬೀರುವಿನ ಬಾಗಿಲು

ಪುಸ್ತಕದಲ್ಲಿ ಈ ಭಾಗ ಎಷ್ಟು ಮೆಲ್ಲಗೆ ನಡೆಯುತ್ತದೆ ಅಂದರೆ, ಓದಿ ಹೇಳುವಾಗ ನನ್ನ ದನಿಯೂ ತಾನಾಗಿ ಇಳಿಯುತ್ತಿತ್ತು. ಮಳೆ ಬರುತ್ತಿರುವ ದಿನ. ಮಕ್ಕಳು ಮನೆಯೆಲ್ಲ ಸುತ್ತುತ್ತಾರೆ. ಒಂದು ಕೋಣೆ ಪೂರ್ತಿ ಖಾಲಿ, ಕನ್ನಡಿ ಬಾಗಿಲಿನ ಒಂದು ಬೀರು ಬಿಟ್ಟರೆ ಏನೂ ಇಲ್ಲ. ಕಿಟಕಿಯ ಕಟ್ಟೆಯ ಮೇಲೆ ಒಂದು ಸತ್ತ ನೊಣ. "ಇಲ್ಲೇನೂ ಇಲ್ಲ" ಅಂತ ಎಲ್ಲರೂ ಹೊರಟುಹೋಗುತ್ತಾರೆ, ಲೂಸಿ ಉಳಿಯುತ್ತಾಳೆ. ಬಾಗಿಲು ತೆಗೆದಾಗ ಎರಡು ಡಾಂಬರು ಗುಳಿಗೆ ಕೆಳಗೆ ಬೀಳುತ್ತವೆ. ಒಳಗೆ ತುಪ್ಪಟದ ಕೋಟುಗಳು. ಅವುಗಳ ನಡುವೆ ಮುಂದೆ ಮುಂದೆ ಹೋಗುತ್ತಾಳೆ, ಹಿಂಬದಿಯ ಹಲಗೆ ಕೈಗೆ ಸಿಗುವುದೇ ಇಲ್ಲ. ಕಾಲಕೆಳಗೆ ಏನೋ ಕರಕರ ಅನ್ನುತ್ತದೆ. ಇನ್ನಷ್ಟು ಡಾಂಬರು ಗುಳಿಗೆ ಇರಬೇಕು ಅಂತ ಬಗ್ಗಿ ಮುಟ್ಟುತ್ತಾಳೆ. ಪುಡಿಪುಡಿ, ತಣ್ಣಗೆ. ಹಿಮ.

ಚಿಕ್ಕವನಿಗೆ ಹಿಮ ಗೊತ್ತಿಲ್ಲ, ಆದರೆ ಡಾಂಬರು ಗುಳಿಗೆ ಚೆನ್ನಾಗಿ ಗೊತ್ತು. ಅಜ್ಜಿಯ ರೇಷ್ಮೆ ಸೀರೆಗಳ ಬೀರುವಿನ ವಾಸನೆ ಅದು. ಗೊತ್ತಿರುವ ವಾಸನೆಯಿಂದ ಗೊತ್ತಿಲ್ಲದ ಲೋಕಕ್ಕೆ ಒಂದೇ ಹೆಜ್ಜೆ.

ಈ ಜಾಗದಲ್ಲಿ 2005ರ ಸಿನಿಮಾ ನಿಜಕ್ಕೂ ಗೆಲ್ಲುತ್ತದೆ. ನಿರ್ದೇಶಕ ಆಂಡ್ರ್ಯೂ ಆಡಮ್ಸನ್ ಒಂದು ಜಾಣತನ ಮಾಡಿದರು. ಲೂಸಿಯ ಪಾತ್ರ ಮಾಡಿದ ಜಾರ್ಜಿ ಹೆನ್ಲಿ ಆಗಿನ್ನೂ ಪುಟ್ಟ ಹುಡುಗಿ. ಹಿಮದ ಕಾಡಿನ ಸೆಟ್ಟನ್ನು ಅವಳಿಗೆ ಮುಂಚೆ ತೋರಿಸಲೇ ಇಲ್ಲ. ಕಣ್ಣು ಕಟ್ಟಿ ಒಳಗೆ ಕರೆತಂದು, ಕ್ಯಾಮೆರಾ ಓಡುತ್ತಿರುವಾಗ ನೋಡಲು ಬಿಟ್ಟರು. ತೆರೆಯ ಮೇಲೆ ಅವಳ ಮುಖದಲ್ಲಿ ಅರಳುವ ಬೆರಗು ನಟನೆಯಲ್ಲ. ಅದನ್ನು ನೋಡುವಾಗ ನಮ್ಮ ಇಬ್ಬರೂ ಮಕ್ಕಳು ಉಸಿರು ಬಿಗಿಹಿಡಿದಿದ್ದರು.

ಧಾರಾವಾಹಿಯಲ್ಲಿ ಬೆರಗು ಕಡಿಮೆ, ನಿಧಾನ ಜಾಸ್ತಿ. ಮನೆ, ಮಳೆ, ಬೇಜಾರು ಎಲ್ಲಕ್ಕೂ ಹೊತ್ತು ಕೊಡುತ್ತಾರೆ. ಇನ್ನು ಕಾರ್ಟೂನ್ ಶುರುವಾಗುವುದೇ ಲೂಸಿ ಬೀರುವಿನಿಂದ ಹೊರಗೆ ಬಂದು ಉಳಿದವರಿಗೆ ವಿಷಯ ಹೇಳುವಲ್ಲಿಂದ. ಕಥೆಯನ್ನು ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಸಬೇಕಿತ್ತು, ನಿಜ. ಆದರೂ ಇದು ಸರಿಯಾದ ಕಡೆ ಹಾಕಿದ ಕತ್ತರಿಯಲ್ಲ. ಲೂಸಿ ಮೊದಲ ಸಲ ಹಿಮ ಮುಟ್ಟುವಾಗ ನಮ್ಮ ಕೈಯೂ ಅಲ್ಲಿ ಇರಬೇಕು, ಅಲ್ವಾ?

ಪುಸ್ತಕದಲ್ಲಿ ಲೂಯಿಸ್ ಮತ್ತೆ ಮತ್ತೆ ಒಂದು ಎಚ್ಚರಿಕೆ ಹೇಳುತ್ತಾರೆ: ಬೀರುವಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು ಶುದ್ಧ ದಡ್ಡತನ, ಲೂಸಿ ಬಾಗಿಲನ್ನು ತೆರೆದೇ ಬಿಟ್ಟಿದ್ದಳು ಅಂತ. ಯಾವ ರೂಪವನ್ನು ತೋರಿಸಿದರೂ ಈ ಮಾತನ್ನು ನೀವು ಮಕ್ಕಳಿಗೆ ಬಾಯಿಬಿಟ್ಟು ಹೇಳಿ. ನಮ್ಮಲ್ಲಿ ಕಬ್ಬಿಣದ ಬೀರುಗಳೇ ಜಾಸ್ತಿ, ಬಾಗಿಲು ಬಿದ್ದರೆ ಒಳಗಿಂದ ತೆಗೆಯಲು ಬರುವುದಿಲ್ಲ.

ಎಡ್ಮಂಡ್ ಯಾಕೆ ಹಾಗೆ ಮಾಡಿದ?

ಮೂರನ್ನೂ ನೋಡಿದ ಮೇಲೆ ನಮ್ಮ ಮನೆಯಲ್ಲಿ ಜಾಸ್ತಿ ಚರ್ಚೆಯಾದದ್ದು ಇದರ ಬಗ್ಗೆ.

ಪುಸ್ತಕದಲ್ಲಿ ಎಡ್ಮಂಡ್ ಸಿಟ್ಟಿನ ಹುಡುಗ. ತಂಗಿಯನ್ನು ಅಣಕಿಸುತ್ತಾನೆ. ತಾನೇ ನಾರ್ನಿಯಾ ನೋಡಿ ಬಂದಮೇಲೂ "ಸುಮ್ನೆ ಆಟ ಆಡ್ತಿದ್ವಿ" ಅಂತ ಸುಳ್ಳು ಹೇಳಿ ಅವಳನ್ನು ಅಳಿಸುತ್ತಾನೆ. ಮಾಟಗಾತಿ ಅವನಿಗೆ ಕೊಡುವುದು ಟರ್ಕಿಶ್ ಡಿಲೈಟ್. ಹಸಿರು ರೇಷ್ಮೆ ದಾರ ಕಟ್ಟಿದ ದುಂಡನೆಯ ಡಬ್ಬಿಯಲ್ಲಿ. ತಿಂದಷ್ಟೂ ಬೇಕು ಅನ್ನಿಸುವ ಮಾಟ ಅದರಲ್ಲಿದೆ. ಪಿಷ್ಟ, ಸಕ್ಕರೆ, ಪನ್ನೀರು ಹಾಕಿ ಮಾಡುವ ತಿಂಡಿ. ನಮ್ಮ ಬಾಂಬೆ ಹಲ್ವಾದ ಹತ್ತಿರದ ನೆಂಟ ಅಂದುಕೊಳ್ಳಿ, ತುಪ್ಪ ಮಾತ್ರ ಇಲ್ಲ. "ಬರೀ ಸಿಹಿಗೋಸ್ಕರ ಅಣ್ಣನನ್ನು, ಅಕ್ಕನನ್ನು ಬಿಟ್ಟುಕೊಟ್ನಾ?" ಅಂತ ದೊಡ್ಡವಳು ಕೇಳಿದಳು. ಅವಳಿಗೆ ಒಂದು ವಿಷಯ ಹೇಳಿದೆ. ಪುಸ್ತಕ ಬಂದ 1950ರಲ್ಲೂ ಬ್ರಿಟನ್ನಿನಲ್ಲಿ ಮಿಠಾಯಿ ಸಿಗುತ್ತಿದ್ದದ್ದು ರೇಷನ್‌ನಲ್ಲೇ. ಆ ಕಟ್ಟುಪಾಡು ಪೂರ್ತಿ ಹೋದದ್ದು 1953ರ ಫೆಬ್ರವರಿಯಲ್ಲಿ. ಅಷ್ಟು ವರ್ಷ ಸಿಹಿಯನ್ನು ಲೆಕ್ಕ ಹಾಕಿ ತಿಂದ ಮಗುವಿನ ಎದುರು ಒಂದಿಡೀ ಡಬ್ಬಿ ಇಟ್ಟರೆ ಹೇಗಿರಬೇಡ! ಮೂರು ರೂಪಗಳಲ್ಲೂ ಈ ಹಿನ್ನೆಲೆ ತಾನಾಗಿ ತಿಳಿಯುವುದಿಲ್ಲ. ನೀವೇ ಹೇಳಿಕೊಡಬೇಕು.

2005ರ ಸಿನಿಮಾ ಎಡ್ಮಂಡ್‌ಗೆ ಬೇರೆ ಕಾರಣ ಹುಡುಕಿತು. ಪುಸ್ತಕದಲ್ಲಿ ಯುದ್ಧಕ್ಕೆ ಸಿಗುವುದು ಒಂದೇ ವಾಕ್ಯ. ಸಿನಿಮಾ ಶುರುವಾಗುವುದೇ ಬಾಂಬ್ ದಾಳಿಯಿಂದ. ಎಲ್ಲರೂ ಅಡಗುವ ಜಾಗಕ್ಕೆ ಓಡುವಾಗ ಎಡ್ಮಂಡ್ ವಾಪಸ್ ಮನೆಯೊಳಗೆ ನುಗ್ಗುತ್ತಾನೆ, ಯುದ್ಧಕ್ಕೆ ಹೋದ ಅಪ್ಪನ ಫೋಟೋ ತರಲು. ಪೀಟರ್ ಅವನಿಗೆ ಬೈಯುತ್ತಾನೆ. ಆಮೇಲೆ ರೈಲ್ವೆ ನಿಲ್ದಾಣ, ಕೋಟಿಗೆ ಚುಚ್ಚಿದ ಹೆಸರಿನ ಚೀಟಿ, ಅಮ್ಮನ ವಿದಾಯ. ಅಪ್ಪ ಇಲ್ಲದ ಹುಡುಗ, ಅಪ್ಪನಾಗಲು ಹೊರಟ ಅಣ್ಣ. ಹಾಗಾಗಿ ಅವನು ಕೆಟ್ಟವನಲ್ಲ, ನೊಂದವನು ಅಂತ ನಮಗೆ ಮೊದಲೇ ಗೊತ್ತಾಗಿಬಿಡುತ್ತದೆ.

ಆ ಮೊದಲ ಹತ್ತು ನಿಮಿಷ ತುಂಬಾ ಚೆನ್ನಾಗಿದೆ. 1939ರಿಂದ ಬ್ರಿಟನ್ನಿನ ನಗರಗಳಿಂದ ಲಕ್ಷಗಟ್ಟಲೆ ಮಕ್ಕಳನ್ನು ಹೀಗೆ ಹಳ್ಳಿಗಳಿಗೆ ಸಾಗಿಸಿದ್ದು ನಿಜವಾದ ಸಂಗತಿ. ಆ ಇತಿಹಾಸ ಗೊತ್ತಿಲ್ಲದ ನಮ್ಮ ಮಕ್ಕಳಿಗೆ ಅಪರಿಚಿತರ ಮನೆಗೆ ಯಾಕೆ ಬಂದರು ಅನ್ನುವುದು ಥಟ್ಟನೆ ಅರ್ಥವಾಗುತ್ತದೆ. ಆದರೂ ನನ್ನ ಮನಸ್ಸು ಪುಸ್ತಕದ ಕಡೆಗೇ. ಲೂಯಿಸ್ ಎಡ್ಮಂಡ್‌ನ ತಪ್ಪಿಗೆ ದೊಡ್ಡ ಕಾರಣ ಕೊಡುವುದಿಲ್ಲ. ಅವನು ಓದುತ್ತಿದ್ದ ಕೆಟ್ಟ ಶಾಲೆಯಲ್ಲಿ ಹಾಳಾಗಲು ಶುರುವಾಗಿದ್ದ ಅಂತ ಕೊನೆಯಲ್ಲಿ ಒಂದು ಮಾತು ಬರುತ್ತದೆ, ಅಷ್ಟೇ. ಹೊಟ್ಟೆಕಿಚ್ಚು, ಒಂದು ಸುಳ್ಳು, ಆ ಸುಳ್ಳನ್ನು ಮುಚ್ಚಲು ಇನ್ನೊಂದು. ಹೀಗೆ ಜಾರುವುದು ಹೇಗೆ ಅಂತ ಎಲ್ಲ ಮಕ್ಕಳಿಗೂ ಗೊತ್ತು. ಚಿಕ್ಕವನು ಪುಸ್ತಕ ಕೇಳುವಾಗ ಎಡ್ಮಂಡ್ ಸುಳ್ಳು ಹೇಳುವ ಕಡೆ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಿದ್ದ. ಸಿನಿಮಾ ನೋಡುವಾಗ "ಪಾಪ" ಅಂದ. ಎರಡೂ ಬೇಕಾದದ್ದೇ. ಆದರೆ ಮೊದಲನೆಯದರಲ್ಲಿ ಅವನು ತನ್ನನ್ನೇ ಕಂಡಿದ್ದ.

ಧಾರಾವಾಹಿ ಇಲ್ಲಿ ಪುಸ್ತಕಕ್ಕೆ ತೀರಾ ಹತ್ತಿರ. ಆರು ಕಂತು, ಒಂದೊಂದೂ ಅರ್ಧ ಗಂಟೆಯ ಆಸುಪಾಸು. ಎಡ್ಮಂಡ್ ಜಾರುವುದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸಲು ಅವರಿಗೆ ಹೊತ್ತಿತ್ತು. ಲೂಸಿಯ ಮಾತನ್ನು ನಂಬಬೇಕೋ ಬೇಡವೋ ಅಂತ ಪ್ರೊಫೆಸರ್ ತರ್ಕ ಮಾಡುವ ಭಾಗವೂ ಹಾಗೇ. ಅವಳು ಸುಳ್ಳಿ, ಇಲ್ಲ ತಲೆ ಕೆಟ್ಟಿದೆ, ಇಲ್ಲ ನಿಜ ಹೇಳುತ್ತಿದ್ದಾಳೆ. ಮೊದಲೆರಡೂ ಅಲ್ಲ ಅಂದಮೇಲೆ ಉಳಿದದ್ದೇನು? ದೊಡ್ಡವಳಿಗೆ ಇದು ಎಷ್ಟು ಹಿಡಿಸಿತು ಅಂದರೆ, ಆಮೇಲೆ ಒಂದು ವಾರ ಎಲ್ಲದಕ್ಕೂ ಇದೇ ಲೆಕ್ಕ ಹಾಕುತ್ತಿದ್ದಳು.

ಮಾಟಗಾತಿ

ಧಾರಾವಾಹಿಯಲ್ಲಿ ಬಾರ್ಬರಾ ಕೆಲ್ಲರ್‌ಮನ್ ಕಿರುಚುತ್ತಾರೆ, ತೋಳು ಬೀಸುತ್ತಾರೆ. ರಂಗದ ಮೇಲಿನ ಅಭಿನಯ ಅದು. ಚಿಕ್ಕ ಮಕ್ಕಳಿಗೆ ಹೆದರಿಕೆಯೂ ಆಗುತ್ತದೆ, ಇದು ನಾಟಕ ಅನ್ನುವ ಧೈರ್ಯವೂ ಇರುತ್ತದೆ. ಸಿನಿಮಾದಲ್ಲಿ ಟಿಲ್ಡಾ ಸ್ವಿಂಟನ್ ದನಿ ಏರಿಸುವುದೇ ಅಪರೂಪ. ಅವರ ಮಂಜಿನ ಕಿರೀಟವನ್ನು ಗಮನಿಸಿ: ನಾರ್ನಿಯಾದಲ್ಲಿ ಹಿಮ ಕರಗುತ್ತ ಹೋದಂತೆ ಅದೂ ದೃಶ್ಯದಿಂದ ದೃಶ್ಯಕ್ಕೆ ಸಣ್ಣದಾಗುತ್ತದೆ. ಯುದ್ಧಕ್ಕೆ ಬರುವಾಗ ಅವಳ ಕೊರಳ ಸುತ್ತ ಅಸ್ಲಾನ್‌ನ ಕೇಸರ ಇರುತ್ತದೆ. ಮಾತಿಲ್ಲದೆ ಕಥೆ ಹೇಳುವುದು ಅಂದರೆ ಇದು. ಮಾಟಗಾತಿಯ ಮಟ್ಟಿಗೆ ಸಿನಿಮಾಕ್ಕೇ ನನ್ನ ಓಟು.

'ಅದು'ವೋ 'ಅವನು'ವೋ

ಈಗ ಸಿಂಹ. ಕನ್ನಡದಲ್ಲಿ ಈ ಕಥೆ ಹೇಳುವವರಿಗೆ ಇಲ್ಲೊಂದು ತೊಡಕಿದೆ. ನಮ್ಮಲ್ಲಿ ಪ್ರಾಣಿಯನ್ನು 'ಅದು' ಅನ್ನುತ್ತೇವೆ. ಆದರೆ ಪುಸ್ತಕದಲ್ಲಿ ಅಸ್ಲಾನ್ ಬರುವ ಎಷ್ಟೋ ಮೊದಲೇ ಅವನ ಹೆಸರು ಬರುತ್ತದೆ. ಬೀವರ್ ದಂಪತಿಯ (ಬೀವರ್ ಅಂದರೆ ಹೊಳೆಗೆ ಅಡ್ಡಕಟ್ಟೆ ಕಟ್ಟುವ ಪ್ರಾಣಿ, ಇಲ್ಲಿ ಮಾತಾಡುತ್ತದೆ) ಮನೆಯಲ್ಲಿ ಮಕ್ಕಳು "ಅವನು ಮನುಷ್ಯನಾ?" ಅಂತ ಕೇಳುತ್ತಾರೆ. ಛೆ, ಎಲ್ಲಾದರೂ ಉಂಟೇ, ಅವನು ಸಿಂಹ ಅನ್ನುವ ಉತ್ತರ ಬರುತ್ತದೆ. ಮೊದಲೇ 'ಅದು' ಅಂದರೆ ಗುಟ್ಟು ರಟ್ಟಾಗುತ್ತದೆ. ಹಾಗಾಗಿ ನಾನು ಮೊದಲ ಸಲವೇ "ಅಸ್ಲಾನ್ ಬಂದಿದ್ದಾನಂತೆ" ಅಂದೆ. ಟರ್ಕಿ ಭಾಷೆಯಲ್ಲಿ ಅಸ್ಲಾನ್ ಅಂದರೆ ಸಿಂಹ ಅಂತಲೇ ಅರ್ಥ. ಅದನ್ನೂ ಮಕ್ಕಳಿಗೆ ಆಗ ಹೇಳಲಿಲ್ಲ. ಗೊತ್ತಾದ ಮೇಲೆ ಚಿಕ್ಕವನು ಒಂದೆರಡು ದಿನ "ಆ ಸಿಂಹ ಏನ್ ಮಾಡ್ತು?" ಅಂತ ಕೇಳುತ್ತಿದ್ದ. ಆಮೇಲೆ ಅವನ ಬಾಯಲ್ಲೂ 'ಅವನು' ಬಂತು.

ಅಂದಿನಿಂದ ನನಗೆ ಇದೇ ಪರೀಕ್ಷೆಯಾಯಿತು. ಮಗು ಯಾವ ಅಸ್ಲಾನ್‌ನನ್ನು 'ಅದು' ಅನ್ನುತ್ತದೆ, ಯಾವುದನ್ನು 'ಅವನು' ಅನ್ನುತ್ತದೆ?

ಸಿನಿಮಾದ ಅಸ್ಲಾನ್ ಕಂಪ್ಯೂಟರಿನಲ್ಲಿ ಮೂಡಿದವನು, ದನಿ ಲಿಯಾಮ್ ನೀಸನ್ ಅವರದು. ಗಾಳಿಗೆ ಕೇಸರ ಒಂದೊಂದೇ ಎಳೆಯಾಗಿ ಅಲುಗುತ್ತದೆ. ಡೇರೆಯಿಂದ ಹೊರಗೆ ಹೆಜ್ಜೆಯಿಟ್ಟ ಕೂಡಲೇ ಚಿಕ್ಕವನು "ಬಂದ!" ಅಂದ. ಅಲ್ಲಿಗೆ ಪಾಸಾಯಿತು. ಕಾರ್ಟೂನಿನ ಅಸ್ಲಾನ್ ಸರಳ ಗೆರೆಗಳವನು. ನಿರ್ದೇಶಕ ಬಿಲ್ ಮೆಲೆಂಡೆಜ್ ಚಾರ್ಲಿ ಬ್ರೌನ್ ಕಾರ್ಟೂನುಗಳಿಗೆ ಹೆಸರಾದವರು. ಅಲ್ಲೂ ಯಾವ ತಕರಾರೂ ಬರಲಿಲ್ಲ. ಕಾರ್ಟೂನಿನಲ್ಲಿ ಎಲ್ಲರೂ ಬಿಡಿಸಿದವರೇ ಆದ್ದರಿಂದ ಸಿಂಹ, ಹುಡುಗಿ, ಮಾಟಗಾತಿ ಒಂದೇ ಲೋಕದವರಾಗಿ ಕಾಣುತ್ತಾರೆ. ಕಾರ್ಟೂನ್ ಆದರೆ ಬೇರೆ ಮಾತು ಅಂತ ಲೂಯಿಸ್ ಯಾಕೆ ಅಂದಿರಬಹುದು ಅಂತ ನನಗೆ ಆಗ ಹೊಳೆಯಿತು.

ಧಾರಾವಾಹಿಯ ಅಸ್ಲಾನ್ ಒಂದು ದೊಡ್ಡ ಗೊಂಬೆ. ಒಳಗೆ ಇಬ್ಬರು ಕೂತು ಆಡಿಸುತ್ತಿದ್ದರು. ಕಣ್ಣು, ಬಾಯಿ ಯಂತ್ರದಿಂದ ಅಲುಗುತ್ತಿದ್ದವು. ದನಿ ರೊನಾಲ್ಡ್ ಪಿಕಪ್ ಅವರದು. ನಡಿಗೆ ಭಾರ, ಹೆಜ್ಜೆ ಬಿಗಿ. ಬೀವರ್‌ಗಳಂತೂ ವೇಷ ತೊಟ್ಟ ಮನುಷ್ಯರೇ. ಹಾರುವ ಪ್ರಾಣಿಗಳು ಬಂದರೆ ತೆರೆಯ ಮೇಲೆ ಬಿಡಿಸಿದ ಚಿತ್ರಗಳು ಹಾರುತ್ತವೆ. ಈಗಿನ ಮಕ್ಕಳ ಕಣ್ಣು ಇದನ್ನು ಕ್ಷಣದಲ್ಲಿ ಹಿಡಿಯುತ್ತದೆ. "ಅದು ಗೊಂಬೆ," ಅಂದ ಚಿಕ್ಕವನು.

ಯುದ್ಧ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪುಸ್ತಕದಲ್ಲಿ ಯುದ್ಧ ಒಂದೆರಡು ಪುಟ. ಸತ್ತು ಮತ್ತೆ ಬದುಕಿದ ಅಸ್ಲಾನ್ ಮತ್ತು ಹುಡುಗಿಯರು ಬರುವ ಹೊತ್ತಿಗೆ ಅರ್ಧ ಮುಗಿದಿರುತ್ತದೆ. ಎಡ್ಮಂಡ್ ಮಾಟಗಾತಿಯ ಕೋಲನ್ನು ಮುರಿದದ್ದನ್ನು ನಾವು ಆಮೇಲೆ ಪೀಟರ್ ಬಾಯಿಂದ ಕೇಳುತ್ತೇವೆ. ಲೂಯಿಸ್ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನ ಕಂದಕಗಳಲ್ಲಿ ಹೋರಾಡಿ 1918ರಲ್ಲಿ ಗಾಯಗೊಂಡವರು. ಯುದ್ಧವನ್ನು ಹತ್ತಿರದಿಂದ ಕಂಡವರು ಅದನ್ನು ಮಕ್ಕಳಿಗೆ ಅಷ್ಟರಲ್ಲೇ ಮುಗಿಸಿದರು ಅನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ. ಸಿನಿಮಾದವರು ಅದನ್ನು ಉದ್ದಕ್ಕೆ ಎಳೆದರು. ಮಾಟಗಾತಿಯ ರಥಕ್ಕೆ ಬಿಳಿ ಕರಡಿಗಳು, ಆಕಾಶದಿಂದ ಬಂಡೆ ಬೀಳಿಸುವ ರೆಕ್ಕೆಯ ಪ್ರಾಣಿಗಳು. ಹೆಪ್ಪುಗಟ್ಟಿದ ಜಲಪಾತ ಒಡೆಯುವ ಸಾಹಸವೂ ಪುಸ್ತಕದಲ್ಲಿಲ್ಲ. ಸುಮಾರು 18 ಕೋಟಿ ಡಾಲರ್ ಹಾಕಿ ಮಾಡಿದ ಸಿನಿಮಾ, ಗಳಿಸಿದ್ದು 70 ಕೋಟಿ ಡಾಲರಿಗೂ ಜಾಸ್ತಿ. ದೊಡ್ಡ ಪರದೆ ಅದನ್ನೆಲ್ಲ ಕೇಳುತ್ತದೆ.

ಒಂದು ಬದಲಾವಣೆಯನ್ನು ಮಾತ್ರ ಮೆಚ್ಚಿದೆ. ಕ್ರಿಸ್ಮಸ್ ತಾತ ಉಡುಗೊರೆ ಕೊಡುವಾಗ, ಹೆಂಗಸರು ಕಾದಾಡಿದರೆ ಯುದ್ಧ ಕೊಳಕಾಗುತ್ತದೆ ಅನ್ನುವ ಮಾತು ಪುಸ್ತಕದಲ್ಲಿದೆ. ಸಿನಿಮಾದಲ್ಲಿ ಅದು 'ಯುದ್ಧವೇ ಕೊಳಕು' ಅಂತಾಗಿದೆ. ಪುಸ್ತಕ ಓದುವಾಗ ದೊಡ್ಡವಳು ಹುಬ್ಬು ಗಂಟಿಕ್ಕಿದ್ದಳು. ಇಲ್ಲಿ ತಲೆದೂಗಿದಳು. ಕಾರ್ಟೂನಿನಲ್ಲಿ ಕ್ರಿಸ್ಮಸ್ ತಾತನೇ ಇಲ್ಲ.

ಹಾಗಾದರೆ ನಿಮ್ಮ ಮನೆಗೆ ಯಾವುದು?

ಐದಾರು ವರ್ಷದ ಮಗು, ಕತ್ತಲೆಗೆ ಹೆದರುವ ಸ್ವಭಾವ, ಒಂದೇ ಸಲ ಜಾಸ್ತಿ ಹೊತ್ತು ಕೂರುವುದಿಲ್ಲ ಅಂದರೆ 1979ರ ಕಾರ್ಟೂನ್. ಅಮೆರಿಕದ ಟಿವಿಯಲ್ಲಿ ಎರಡು ರಾತ್ರಿಯಲ್ಲಿ ತೋರಿಸಲು ಮಾಡಿದ್ದು, ಎಮ್ಮಿ ಪ್ರಶಸ್ತಿಯೂ ಬಂತು. ನೀವೂ ಎರಡು ಸಂಜೆಗೆ ಹಂಚಿಕೊಳ್ಳಬಹುದು. ಚಿತ್ರಗಳು ಹಳತು, ಆದರೆ ಕಥೆ ಎಲ್ಲೂ ತಪ್ಪಿಹೋಗುವುದಿಲ್ಲ.

ಎಂಟರಿಂದ ಮೇಲಿನ ಮಕ್ಕಳು, ಪುಸ್ತಕ ಓದಿಲ್ಲ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಬೇಕು ಅಂದರೆ 2005ರ ಸಿನಿಮಾ. ಎರಡು ಗಂಟೆ ಇಪ್ಪತ್ತು ನಿಮಿಷ ದಾಟುತ್ತದೆ, ಮಧ್ಯೆ ಒಂದು ಬಿಡುವು ಇಟ್ಟುಕೊಳ್ಳಿ. ಅದರ ಪ್ರಸಾಧನಕ್ಕೆ ಆಸ್ಕರ್ ಬಂದಿದೆ. ಲೂಸಿಗೆ ನಾರ್ನಿಯಾದಲ್ಲಿ ಮೊದಲು ಸಿಗುವ ಆ ಅರ್ಧ ಮನುಷ್ಯ, ಅರ್ಧ ಮೇಕೆ ಟಮ್ನಸ್‌ನ ಕಿವಿಗಳನ್ನು ನೋಡಿದರೆ ಯಾಕೆ ಅಂತ ತಿಳಿಯುತ್ತದೆ. ಆದರೆ ಅದಕ್ಕೂ ಮೊದಲು ಪುಸ್ತಕದ ಮೊದಲ ಅಧ್ಯಾಯವನ್ನಾದರೂ ಓದಿ ಹೇಳಿ. ಒಮ್ಮೆ ಸಿನಿಮಾ ನೋಡಿದ ಮೇಲೆ ಮಗುವಿನ ತಲೆಯಲ್ಲಿ ಆ ಮುಖಗಳೇ ನಿಲ್ಲುತ್ತವೆ. ಅದರದ್ದೇ ಆದ ಲೂಸಿ ಒಬ್ಬಳು ಮೊದಲು ಹುಟ್ಟಲಿ.

ಪುಸ್ತಕ ಓದಿ ಪ್ರೀತಿಸಿದ ಮಕ್ಕಳಿಗೆ ಮಾತ್ರ 1988ರ ಧಾರಾವಾಹಿ. ಪುಸ್ತಕ ಗೊತ್ತಿಲ್ಲದೆ ಅದಕ್ಕೆ ಕೂರಿಸಿದರೆ ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಾರೆ. ಗೊತ್ತಿದ್ದವರಿಗೆ ಸಂಭಾಷಣೆಯ ಸಾಲುಗಳೇ ನೆಂಟರಂತೆ ಎದುರಾಗುತ್ತವೆ. ರಾತ್ರಿಗೊಂದು ಕಂತಿನಂತೆ ಆರು ರಾತ್ರಿ ನೋಡಿ, ಓದಿ ಹೇಳಿದ ಹಾಗೇ. ಮಾತು ಹಳೆಯ ಬ್ರಿಟಿಷ್ ಉಚ್ಚಾರಣೆಯದು, ಜೊತೆಗೆ ಕೂತು ಅಲ್ಲಲ್ಲಿ ಕನ್ನಡದಲ್ಲಿ ಹೇಳಿಕೊಡಬೇಕಾಗುತ್ತದೆ.

ಮುಂದೆ ಏನು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಒಟ್ಟು ಏಳು ಪುಸ್ತಕ, ಕೊನೆಯದು ಬಂದದ್ದು 1956ರಲ್ಲಿ. ಸಿನಿಮಾದವರು 2008ರಲ್ಲಿ, 2010ರಲ್ಲಿ ಇನ್ನೆರಡು ಮಾಡಿ ನಿಲ್ಲಿಸಿದರು. ಬಿಬಿಸಿ 1990ರೊಳಗೆ ಇನ್ನೂ ಮೂರು ಪುಸ್ತಕಗಳನ್ನು ತೆರೆಗೆ ತಂದಿತು. 2018ರಲ್ಲಿ ಹಕ್ಕುಗಳು ನೆಟ್‌ಫ್ಲಿಕ್ಸ್‌ಗೆ ಹೋದವು. ಅವರಿಗಾಗಿ ನಿರ್ದೇಶಕಿ ಗ್ರೆಟಾ ಗರ್ವಿಗ್ ಕೈಗೆತ್ತಿಕೊಂಡದ್ದು 'ದಿ ಮೆಜಿಶಿಯನ್ಸ್ ನೆಫ್ಯೂ'. ಬರೆದ ಕ್ರಮದಲ್ಲಿ ಕೊನೆಯ ಕಡೆಗೆ ಬಂದರೂ ಕಥೆಯ ಕಾಲದಲ್ಲಿ ಎಲ್ಲಕ್ಕೂ ಮೊದಲಿನದು ಅದು. ಆ ಬೀರು ಎಲ್ಲಿಂದ ಬಂತು ಅಂತ ಹೇಳುವ ಪುಸ್ತಕ. ಆದರೂ ಮೊದಲ ಸಲಕ್ಕೆ 1950ರ ಪುಸ್ತಕದಿಂದಲೇ ಶುರು ಮಾಡಿ. ಬೀರುವಿನ ಹಿಂದೆ ಏನಿದೆ ಅಂತ ಗೊತ್ತಿಲ್ಲದೆ ಅದರೊಳಗೆ ಹೋಗುವ ಅವಕಾಶ ಒಂದೇ ಸಲ ಸಿಗುವುದು.

ಕಲ್ಲಿನ ಮೇಜಿನ ರಾತ್ರಿ

ಯಾವುದನ್ನು ಆರಿಸಿಕೊಂಡರೂ ಈ ಜಾಗಕ್ಕೆ ತಯಾರಾಗಿರಿ. ಅಸ್ಲಾನ್‌ನ ಕೇಸರ ಬೋಳಿಸಿ, ಬಾಯಿಗೆ ಪಟ್ಟಿ ಬಿಗಿದು, ಹಗ್ಗದಿಂದ ಕಟ್ಟಿ, ಕಲ್ಲಿನ ಮೇಜಿನ ಮೇಲೆ ಕೊಲ್ಲುತ್ತಾರೆ. ಪುಸ್ತಕದಲ್ಲಿ ಕೊಲ್ಲುವ ಕ್ಷಣವನ್ನು ಲೂಸಿ, ಸೂಸನ್ ನೋಡುವುದಿಲ್ಲ. ಕಣ್ಣು ಮುಚ್ಚಿಕೊಂಡಿರುತ್ತಾರೆ, ಹಾಗಾಗಿ ಓದುವವರೂ ನೋಡುವುದಿಲ್ಲ. ಆಮೇಲೆ ಲೂಯಿಸ್ ಕಥೆ ನಿಲ್ಲಿಸಿ ನೇರವಾಗಿ ಓದುವ ಮಗುವಿನ ಜೊತೆ ಮಾತಾಡುತ್ತಾರೆ: ರಾತ್ರಿಯಿಡೀ ಅತ್ತು ಅತ್ತು ಕಣ್ಣೀರೇ ಉಳಿಯದಿದ್ದಾಗ ಒಂದು ಬಗೆಯ ನಿಶ್ಶಬ್ದ ಬರುತ್ತದೆ, ನಿನಗೆ ಅದು ಗೊತ್ತಿರಬಹುದು ಅಂತ. ಆಮೇಲೆ ಪುಟ್ಟ ಇಲಿಗಳು ಬಂದು ಹಗ್ಗ ಕಡಿಯಲು ಶುರುಮಾಡುತ್ತವೆ.

ಹೀಗೆ ಹೆಗಲ ಮೇಲೆ ಕೈಯಿಟ್ಟು ಮಾತಾಡುವ ದನಿ ಯಾವ ಕ್ಯಾಮೆರಾಕ್ಕೂ ಸಿಗುವುದಿಲ್ಲ. ಸಿನಿಮಾ ರಕ್ತ ತೋರಿಸುವುದಿಲ್ಲ, ಆದರೆ ಸುತ್ತಲಿನ ಕೂಗಾಟ ಜೋರಾಗಿದೆ. ದನಿ ಕಡಿಮೆ ಮಾಡಿ, ಪಕ್ಕದಲ್ಲಿ ಕೂರಿ. ದೊಡ್ಡವಳು ಅಲ್ಲಿ ಸುಮ್ಮನೆ ನನ್ನ ಕೈ ಹಿಡಿದಳು.

ಧಾರಾವಾಹಿಯಲ್ಲಿ ಇದೇ ಭಾಗ ಬಂದಾಗ ಅದು ಮೂರನೇ ಸಲ. ಇಬ್ಬರಿಗೂ ಕಥೆ ಬಾಯಿಪಾಠ. ವೇಷ ತೊಟ್ಟವರು ಕುಣಿಯುತ್ತಿದ್ದರು, ಗೊಂಬೆ ಸಿಂಹ ಕಲ್ಲಿನ ಮೇಲೆ ಮಲಗಿತ್ತು. ಗೊಂಬೆ ಅಂತ ಮೊದಲು ಗುರುತಿಸಿದ್ದೇ ಚಿಕ್ಕವನು, ಹಾಗಾಗಿ ಅವನಿಗೇನೂ ಆಗುವುದಿಲ್ಲ ಅಂದುಕೊಂಡಿದ್ದೆ. ಅವನು ಮೆಲ್ಲಗೆ ನನ್ನ ಮಡಿಲಿಗೆ ಸರಿದು ಕೂತ. ತೆರೆಯಿಂದ ಕಣ್ಣು ತೆಗೆಯದೆ ಕೇಳಿದ: "ಚಿಕ್ಕಿ, ಇಲಿಗಳು ಯಾವಾಗ ಬರ್ತವೆ? ಅವನಿಗೆ ಹಗ್ಗ ಒತ್ತುತ್ತಿದೆ."